ಶೆಟಿಗೆವ್ವನ ತಾಟು ಮತ್ತು ಇಲಿಗಳು

ಮೊದಲ ಹೆರಿಗೆಗೆಂದು ನಾನು ತವರುಮನೆ ಭಾಲ್ಕಿಗೆ ಬಂದ ವರ್ಷವೇ ನಮ್ಮ ಬೀದರ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಮಗಳು ಹುಟ್ಟಿದ ಮೇಲೆ ಕೂಸನ್ನು ನೋಡಲು ಬಂದ ಓಣಿಯ ಹೆಂಗಸರದೆಲ್ಲ ಒಂದೇ ಚೇಷ್ಟೆ. "ಹೊಟ್ಟ್ಯಾಗ ಇದ್ದಾಗ ಹೈದರಾಬಾದಿನಾಕಿ, ಹೊರಗ ಬಂದ ಮ್ಯಾಲ ಮೈಸೂರಿನಾಕಿ!" ನಾನೂ ಅವರ ಜೊತೆ ನಗುತ್ತಿದ್ದೆ. ಆ ನಗು ಉಳಿದದ್ದು ಖೋಲಿಯಲ್ಲಿ ಇಲಿಗಳ ಗದ್ದಲ ಶುರುವಾಗುವ ತನಕ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮುಂದೆ ಅಪ್ಪನ ಕಿರಾಣಿ ಅಂಗಡಿ, ಅದರ ಹಿಂದೆ ಅಡಿಗೆಮನೆ, ಅದಕ್ಕೂ ಹಿಂದೆ ಕಿಟಕಿಯಿಲ್ಲದ ಒಂದು ಖೋಲಿ. ನನ್ನ ಬಾಣಂತನ ಆ ಖೋಲಿಯಲ್ಲಿ. ಹೊರಸಿನ ಕೆಳಗೆ ಕೆಂಡ, ಕಿವಿಯಲ್ಲಿ ಅರಳೆ, ತಲೆಗೆ ಬಿಗಿಯಾಗಿ ಕಟ್ಟಿದ ಅರಿವೆ. ಕಾಲು ಕೆಳಗಿಟ್ಟರೆ ಅವ್ವನ ಬೈಗುಳ. ನನಗಿಂತ ಮೊದಲು ಹುಟ್ಟಿದ ಇಬ್ಬರು ಮಕ್ಕಳನ್ನು ವರ್ಷ ತುಂಬುವ ಮೊದಲೇ ಕಳೆದುಕೊಂಡವಳು ಅವಳು. ಹಾಗಾಗಿ ನನ್ನ ಕೂಸಿಗೆ ಒಂದು ಸೀನು ಬಂದರೂ ಅವಳ ಮುಖದ ಬಣ್ಣ ಹೋಗುತ್ತಿತ್ತು.

ಇಲಿಗಳು ಅಂಗಡಿಯಲ್ಲಿ ಮೊದಲಿನಿಂದಲೂ ಇದ್ದವು. ಕಿರಾಣಿ ಅಂಗಡಿಯಲ್ಲಿ ಇಲಿ ಇರದೆ ಆನೆ ಇರುತ್ತದೆಯೇ ಎಂದು ಅಪ್ಪ ಅನ್ನುತ್ತಿದ್ದ. ನನಗೆ ತಿಳಿಯದ್ದು ಒಂದೇ. ಅಲ್ಲಿ ಪೆಂಟೆ ಪೆಂಟೆ ಬೆಲ್ಲ ಬಿಟ್ಟು, ಗೋಣಿಚೀಲದ ಶೇಂಗಾ ಬಿಟ್ಟು, ಅಡಿಗೆಮನೆಯನ್ನೂ ದಾಟಿ ಈ ಕತ್ತಲ ಖೋಲಿಗೇ ಯಾಕೆ ಬರುತ್ತವೆ? ನನಗಾಗಿ ಮಾಡಿದ್ದ ಕೊಬ್ಬರಿ, ಖಾರೀಕು, ಅಂಟಿನ ಉಂಡೆಗಳ ಡಬ್ಬಿಯನ್ನು ಮೊದಲ ದಿನವೇ ನೆಲುವಿಗೆ ಏರಿಸಿದ್ದೆವು. ಆದರೂ ಬರುವುದು ನಿಲ್ಲಲಿಲ್ಲ. ಹಗಲಿನಲ್ಲೇ ಜಂತಿಯ ಮೇಲೆ ಮೆರವಣಿಗೆ.

ಬೆಕ್ಕು ತರೋಣವೆಂದೆ. ಬಾಣಂತಿ ಇರುವ ಖೋಲಿಗೆ ಬೆಕ್ಕು ಕಾಲಿಡಬಾರದೆಂದು ಅವ್ವ ಕೈ ಅಡ್ಡ ಮಾಡಿದಳು. ಔಷಧ ಇಡೋಣವೆಂದೆ. ಕೂಸಿರುವ ಮನೆಯಲ್ಲಿ ವಿಷದ ಮಾತು ಆಡಬೇಡವೆಂದು ಅಪ್ಪ ಗದರಿದ. ಕಡೆಗೆ ಉಳಿದದ್ದು ಬೋನು. ನನ್ನ ಗಂಡ ಆಗ ಔರಾದಿನಲ್ಲಿ ಸಾಲಿ ಮಾಸ್ತರ. ಉರ್ದುವಿನಲ್ಲಿ ಕಲಿತು ಉರ್ದುವಿನಲ್ಲೇ ಕಲಿಸುತ್ತಿದ್ದವರು ಈಗ ಮಕ್ಕಳ ಜೊತೆ ತಾವೂ ಕನ್ನಡ ಅಕ್ಷರ ತಿದ್ದುತ್ತಿದ್ದರು. ಔರಾದಿಗೆ ರೈಲಿಲ್ಲ, ಬಸ್ಸು ಹಿಡಿದು ಧೂಳು ಕುಡಿಯುತ್ತ ಬೀದರಕ್ಕೆ ಬಂದು, ಅಲ್ಲಿ ಕಟ್ಟಿಗೆಯ ಬೋನೊಂದನ್ನು ಕೊಂಡು, ರೈಲು ಹತ್ತಿ ಭಾಲ್ಕಿಗೆ ಬಂದರು.

ಬೋನಿಗೆ ಕೊಬ್ಬರಿ ಸಿಕ್ಕಿಸಿ ಇಟ್ಟೆವು. ಮರುದಿನ ಕೊಬ್ಬರಿ ಇದ್ದ ಹಾಗೇ ಇತ್ತು. ಸಜ್ಜೆರೊಟ್ಟಿ ಇಟ್ಟೆವು, ಅದನ್ನೂ ಮೂಸಲಿಲ್ಲ.

"ಇವು ನಿಜಾಮರ ಕಾಲದ ಇಲಿ ಅವ. ಮೈಸೂರಿನ ಹುಕುಂ ಕೇಳೂದಿಲ್ಲ" ಎಂದರು ನನ್ನ ಗಂಡ.

"ನಗಬ್ಯಾಡ್ರಿ. ನಿಮ್ಮ ಮಗಳ ಬಾಯಾಗ ಹಾಲಿನ ವಾಸನಿ, ಮೈಗೆಲ್ಲ ಎಣ್ಣಿ ವಾಸನಿ. ನಾಳಿಗಿ ಆಕಿನ್ನ ಕಡದರ ಆಗೂ ನಗ್ತೀರೇನು?" ಎಂದೆ. ಮರುದಿನ ಬೋನನ್ನು ನನ್ನ ಹೊರಸಿನ ಹತ್ತಿರವೇ ಸರಿಸಿಟ್ಟು ಔರಾದಿಗೆ ಹೋದರು.

ನಾನು ಆಡಿದ ಮಾತು ನಿಜವಾಗಲು ತಡವಾಗಲಿಲ್ಲ. ಒಂದು ಬೆಳಗ್ಗೆ ಕೂಸಿನ ದುಪಟಿ ಬಿಚ್ಚಿದರೆ ಹಿಮ್ಮಡಿಯ ಹತ್ತಿರ ಒಣಗಿದ ರಕ್ತ. ಇಲಿ ಊದಿ ಊದಿ ಕಡಿಯುತ್ತದೆ, ಕಡಿದದ್ದು ಗೊತ್ತಾಗುವುದಿಲ್ಲ ಎಂದು ಕೇಳಿದ್ದೆ. ಕೂಸು ಅತ್ತಿರಲಿಲ್ಲವೋ, ಅತ್ತದ್ದು ಅರಳೆ ತುಂಬಿದ ನನ್ನ ಕಿವಿಗೆ ಕೇಳಿರಲಿಲ್ಲವೋ, ಇಂದಿಗೂ ತಿಳಿಯದು. ಅವ್ವ ಅರಿಸಿನ ಹಚ್ಚುತ್ತ ಅಳತೊಡಗಿದಳು. ನನಗೆ ಅಳು ಬರಲಿಲ್ಲ. ಈ ಖೋಲಿಯಲ್ಲಿ ಒಂದೋ ನಾನು ಇರಬೇಕು, ಇಲ್ಲವೇ ಇಲಿ ಇರಬೇಕು ಅನ್ನಿಸಿತು.

ಅವ್ವ ನೀರಿಗೆಂದು ಬಾವಿಗೆ ಹೋದದ್ದೇ ತಡ, ಕೂಸನ್ನು ಅಂಗಡಿಯಲ್ಲಿ ಅಪ್ಪನ ತೊಡೆಯ ಮೇಲೆ ಹಾಕಿ ಬಂದೆ. ಕಿವಿಯ ಅರಳೆ ಕಿತ್ತೊಗೆದೆ. ಸೀರೆ ಸಿಕ್ಕಿಸಿ, ದೀಪ ಹಿಡಿದು, ಗೋಡೆಯ ಬುಡ ನೋಡುತ್ತ ಹೋದೆ. ಸೊಂಟ ಬಿದ್ದುಹೋಗುವಂತೆ ನೋಯುತ್ತಿತ್ತು, ನೋಯಲಿ ಎಂದೆ. ಇಲಿಯ ಹಿಕ್ಕೆಗಳು ಸಾಲುಗಟ್ಟಿ ಮೂಲೆಯ ಕಡೆಗೆ ಹೋಗಿದ್ದವು. ಅಲ್ಲಿ ಒಂದರ ಮೇಲೊಂದು ಪೇರಿಸಿದ ಕಾಳಿನ ಗಡಿಗೆಗಳು. ಅವುಗಳ ಹಿಂದೆ ಕೈ ಹಾಕಿದರೆ ಒಂದು ಹಿತ್ತಾಳೆ ತಾಟು ಸಿಕ್ಕಿತು. ಅಂಚಿನಲ್ಲಿ ತುಪ್ಪದ ಜಿಡ್ಡು, ನಡುವೆ ಬೆಲ್ಲದ ಕಲೆ, ಕೊಬ್ಬರಿಯ ಒಂದೆರಡು ಚೂರು, ಪಕ್ಕದಲ್ಲಿ ಕುಂಕುಮ. ತಾಟಿಗೆ ನೇರವಾಗಿ, ಗೋಡೆಯಲ್ಲಿ ಮುಷ್ಟಿ ಹಿಡಿಯುವಷ್ಟು ದೊಡ್ಡ ಬಿಲ.

ಆ ತಾಟು ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ಕೂಸು ಹುಟ್ಟಿದ ಐದನೆಯ ದಿನ ಶೆಟಿಗೆವ್ವ ಬಂದು ಅದರ ಹಣೆಬರಹ ಬರೆಯುತ್ತಾಳೆಂದು ನಮ್ಮಲ್ಲಿ ಅವಳಿಗೆ ಎಡೆ ಇಡುತ್ತಾರೆ. ಬಾಣಂತಿ ಅದನ್ನು ನೋಡಬಾರದೆಂದು ನಮ್ಮವ್ವ ಗಡಿಗೆಗಳ ಮರೆಯಲ್ಲಿ ಇಟ್ಟಿದ್ದಳು. ಮರುದಿನ ತಾಟು ತೊಳೆದಿಟ್ಟಂತೆ ಖಾಲಿಯಾಗಿತ್ತು. "ತಾಯಿ ಬಂದು ಉಂಡು ಹೋಗ್ಯಾಳ" ಎಂದು ಅವಳು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು. ಅಂದಿಗೆ ಅದು ಮುಗಿಯಿತೆಂದು ನಾನು ತಿಳಿದಿದ್ದೆ. ಅವಳು ಮುಗಿಸಿರಲಿಲ್ಲ. ದಿನವೂ ದೀಪ ಹಚ್ಚುವ ಹೊತ್ತಿಗೆ ನನ್ನ ಕಣ್ಣು ತಪ್ಪಿಸಿ ಹೊಸ ಎಡೆ ಇಡುತ್ತಿದ್ದಳು. ತುಪ್ಪ ಬೆಲ್ಲದ ಊಟ ದಿನವೂ ಬಿಲದ ಬಾಗಿಲಿಗೇ ಬರುವಾಗ ಬೋನಿನ ಒಣರೊಟ್ಟಿಯನ್ನು ಯಾವ ಇಲಿ ತಿಂದೀತು!

ಅವ್ವ ಕೊಡ ಇಳಿಸುವ ಮೊದಲೇ ತಾಟನ್ನು ಅವಳ ಮುಂದೆ ಹಿಡಿದೆ.

"ಯವ್ವಾ, ನೀ ಶೆಟಿಗೆವ್ವಗ ಇಟ್ಟಿದ್ದು ಇಲಿಗೋಳು ತಿಂತಾವ. ಉಂಡು, ಬಾಯಿ ಒರಸ್ಕೊಂಡು, ಹಂಗೇ ನನ್ನ ಕೂಸಿನ ಕಾಲ್ಗಿ ಹೋಗ್ಯಾವ."

ಅವಳ ಮುಖ ಬಿಳಿಚಿತು. "ಹಂಗ ಅನಬ್ಯಾಡ" ಎಂದಳು. "ತಾಯಿ ಯಾವ ರೂಪದಾಗ ಬರ್ತಾಳೋ ಯಾರಿಗಿ ಗೊತ್ತು?"

"ರಕ್ತ ಹೀರೂ ರೂಪದಾಗ ಬರ್ತಾಳೇನು?"

ಅವಳು ಕೊಡ ಅಲ್ಲೇ ಇಟ್ಟು ಹೊಸ್ತಿಲ ಮೇಲೆ ಕುಳಿತಳು. ಅಲ್ಲಿಂದಲೇ ಹೇಳಿದಳು: "ನಿನಗ ಹ್ಯಾಂಗ ಹೇಳ್ಲಿ. ನಿನ್ನಕ್ಕ ಹುಟ್ಟಿದಾಗ ಇಟ್ಟ ತಾಟು ಇಟ್ಟಂಗೇ ಇತ್ತು. ನಿನ್ನಣ್ಣಂದೂ ಹಂಗೇ. ಒಂದು ಇರಿವಿ ಸೈತ ಮುಟ್ಟಿರ್ಲಿಲ್ಲ. ಇಬ್ರೂ ಹ್ವಾದ್ರು. ನಿನ್ನ ಮಗಳಿಂದು ಖಾಲಿ ಆತಲ್ಲ, ಈಕಿ ಬದಕ್ತಾಳ ಅಂತ ನನಗ ಧೈರ್ಯ ಬಂತು. ನಾ ಇಡೂದು ಬಿಟ್ರ ಆ ಧೈರ್ಯ ಹೋಗ್ತದ."

ನನ್ನ ಸಿಟ್ಟು ಅರ್ಧಕ್ಕೆ ನಿಂತಿತು. ಆದರೂ ಕೇಳಿದೆ: "ಮತ್ತ ನನ್ನ ತಾಟು?"

ಅವಳು ತಲೆ ಎತ್ತಲಿಲ್ಲ. "ನಿಂದೂ ಹಂಗೇ ಇತ್ತು."

ಚಿಕ್ಕಂದಿನಲ್ಲಿ ನಾನು ಮಲಗಿದಾಗ ಅವ್ವ ನನ್ನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದದ್ದು, ಮೈ ಬಿಸಿಯಾದರೆ ಬೀದರದ ದವಾಖಾನೆಗೆ ಹೊತ್ತು ಓಡುತ್ತಿದ್ದದ್ದು, ಬೀದರದ ಸಾಲಿಗೆ ಹೋಗುತ್ತೇನೆಂದು ನಾನು ಎಷ್ಟು ಗೋಗರೆದರೂ ಕಣ್ಣೆದುರೇ ಇರು ಎಂದು ಕಳಿಸದೆ ಇದ್ದದ್ದು, ಎಲ್ಲ ಒಮ್ಮೆಲೇ ತಿಳಿಯಿತು. ಸಾಲಿ ಬಿಡಿಸಿದ ಸಿಟ್ಟನ್ನು ನಾನು ಮದುವೆಯಾದ ಮೇಲೂ ಬಿಟ್ಟಿರಲಿಲ್ಲ. ಇವಳು ಇಷ್ಟು ವರ್ಷ ನನ್ನನ್ನು ಇವತ್ತೋ ನಾಳೆಯೋ ಹೋಗುವವಳೆಂದು ಸಾಕಿದ್ದಳು. ನನಗೆ ಬಹಳ ದುಃಖವಾಯಿತು.

"ನಾ ಸತ್ತೀನೇನು?" ಎಂದೆ. ದನಿ ಜೋರಾಗಿಯೇ ಬಂತು. "ನನ್ನ ತಾಟ ಯಾರೂ ಮುಟ್ಟಲಿಲ್ಲ, ಆದ್ರೂ ಬದುಕೀನಿ, ಹಡದೀನಿ, ನಿನ್ನ ಮುಂದ ನಿಂತು ಜಗಳಾಡ್ಲಿಕತ್ತೀನಿ. ಈಗ ಹೇಳು, ಆ ಬಿಲ ಮುಚ್ಚಬೇಕೋ ಬ್ಯಾಡೋ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಎದ್ದು, ನನ್ನ ಕೈಯಿಂದ ತಾಟು ತೆಗೆದುಕೊಂಡು ಹೋದಳು.

ಅಂದು ದೀಪ ಹಚ್ಚುವ ಹೊತ್ತಿಗೆ ಗಡಿಗೆಗಳ ಹಿಂದೆ ಏನನ್ನೂ ಇಡಲಿಲ್ಲ. ತುಪ್ಪ ಸವರಿದ ಕೊಬ್ಬರಿಯನ್ನು ತಾನೇ ಬೋನಿನ ಕೊಕ್ಕೆಗೆ ಚುಚ್ಚಿದಳು. ಬೆಳಗ್ಗೆ ಬೋನಿನ ಬಾಗಿಲು ಬಿದ್ದಿತ್ತು. ಒಳಗೆ ತಿಂದು ಕೊಬ್ಬಿದ ಇಲಿ. ನನ್ನ ಕೈಗೆ ಕೊಟ್ಟಿದ್ದರೆ ಬೋನಿನ ಸಮೇತ ನೀರಿನ ಹಂಡೆಗೆ ಅದ್ದುತ್ತಿದ್ದೆ. ಅವ್ವ ಕೊಡಲಿಲ್ಲ. ತಾನೇ ಒಯ್ದು ರೈಲಿನ ಹಳಿಯ ಆಚೆ ಹೊಲದಲ್ಲಿ ಬಿಟ್ಟು ಬಂದಳು. ಮುಂದೆ ಹಲವು ಬೆಳಗ್ಗೆ ಅದೇ ನಡೆಯಿತು. ಅಪ್ಪ ಗಾಜಿನ ಚೂರುಗಳನ್ನು ಕೆಮ್ಮಣ್ಣಿನಲ್ಲಿ ಕಲಸಿ ಬಿಲಗಳಿಗೆ ಗಿಡಿದು ಮುಚ್ಚಿದ. ನಾನು ಹೊರಸಿನ ಮೇಲೆ ಕುಳಿತು ಇಲ್ಲಿ ಬಿಟ್ಟಿರಿ, ಅಲ್ಲಿ ಬಿಟ್ಟಿರಿ ಎಂದು ಅವನ ತಲೆ ತಿಂದೆ. ಕೂಸಿನ ಗಾಯ ಮಾಯಿತು. ಕಡೆಗೆ ಬೋನು ಬೀಳುವುದು ನಿಂತಿತು. ಜಂತಿಯ ಮೇಲೆ ಸಪ್ಪಳವೂ ಇಲ್ಲವಾಯಿತು.

ಹಾಗೆ ಸಪ್ಪಳ ನಿಂತ ಮೇಲೆ ಒಂದು ಸಂಜೆ ಅವ್ವ ಮತ್ತೆ ಆ ಹಿತ್ತಾಳೆ ತಾಟು ಹಿಡಿದು ಖೋಲಿಗೆ ಬಂದಳು. ಅದರ ತುಂಬ ತುಪ್ಪ, ಬೆಲ್ಲ, ಕೊಬ್ಬರಿ. ನನಗೆ ರೇಗಿತು. ಇಷ್ಟು ಮಾಡಿದ್ದೆಲ್ಲ ನೀರಿನಲ್ಲಿ ಹೋಮವಾಯಿತೆಂದು ಬೈಯಲು ಬಾಯಿ ತೆರೆದೆ. ಅವಳು ಗಡಿಗೆಗಳ ಕಡೆಗೆ ಹೋಗಲಿಲ್ಲ. ತಾಟನ್ನು ತಂದು ನನ್ನ ತೊಡೆಯ ಮೇಲಿಟ್ಟಳು.

"ತಿನ್ನು" ಎಂದಳು. "ನನ್ನ ಕಣ್ಣ ಮುಂದ ತಿನ್ನು."

ತಾಟು ಖಾಲಿಯಾಗುವ ತನಕ ಅವಳು ಹೊರಸಿನ ಕಾಲು ಹಿಡಿದುಕೊಂಡು ನನ್ನನ್ನೇ ನೋಡುತ್ತ ಕುಳಿತಿದ್ದಳು.