ಮಿಂತಿವಾಬಳ ನಾಲ್ಕು ಗಂಟೆ

ಖಭೌತ ವಿಜ್ಞಾನದ ಕೊನೆಯ ವರ್ಷದಲ್ಲಿ ಮಿಂತಿವಾಬಳಿಗೆ ಒಂದು ಐಚ್ಛಿಕ ವಿಷಯವನ್ನು ಆರಿಸಿಕೊಳ್ಳುವುದಷ್ಟೇ ಉಳಿದಿತ್ತು. ಜೊತೆಯವರೆಲ್ಲ ಕಂಪ್ಯೂಟರ್ ಕಡೆಗೆ ಓಡಿದರು. ಇವಳು ಆರಿಸಿದ್ದು ಗೀಜ್, ಚರ್ಚಿನ ಪೂಜೆಯಲ್ಲಷ್ಟೇ ಉಳಿದಿರುವ ಹಳೆಯ ಭಾಷೆ.

"ಏನೇ, ನಕ್ಷತ್ರಕ್ಕೆ ಮಂತ್ರ ಹಾಕ್ತೀಯಾ?" ಎಂದು ಕೋಣೆಯ ಗೆಳತಿ ಯೆಶಿಮೆಬೆತ್ ಹುರಿದ ಬಾರ್ಲಿ ಮೆಲ್ಲುತ್ತ ಕೇಳಿದಳು.

"ತಾತನ ಹಾಳೆ ಓದ್ಬೇಕು ಕಣೆ."

ಅವಳ ಊರು ದೆಬ್ರೆ ತಾಬೋರಿನಲ್ಲಿ ತಾತ ಚರ್ಚಿನ ಉಪವಾಸದ ದಿನಗಳನ್ನು ಲೆಕ್ಕ ಹಾಕಿ ಹೇಳುತ್ತಿದ್ದವರು. ಅವರು ಬಿಟ್ಟುಹೋದ ಆಡಿನ ಚರ್ಮದ ಹಾಳೆಯ ಮೂಲೆಯಲ್ಲಿ ಒಂದು ಕಪ್ಪು ಸೂರ್ಯನ ಚಿತ್ರವಿತ್ತು. ಅದರಲ್ಲಿದ್ದ ಗೀಜ್ ಬಲ್ಲವರು ಮನೆಯಲ್ಲಿ ಯಾರೂ ಇರಲಿಲ್ಲ. ಅಜ್ಜಿ ವೊರ್ಕ್ನೆಶ್ ಪ್ರತಿ ಹಬ್ಬಕ್ಕೂ ಅದನ್ನು ಬಿಡಿಸಿ, ಮೂಸಿ, ಮಡಚಿಡುತ್ತಿದ್ದರು. "ಆಕಾಶಾನೇ ಓದೋಳಿಗೆ ಇದು ಓದಕ್ಕಾಗಲ್ವಾ?" ಎಂದು ಮೊಮ್ಮಗಳನ್ನು ಚುಚ್ಚುತ್ತಿದ್ದರು.

ದಾಖಲಾತಿ ಕಚೇರಿಯ ಸೂಚನೆ ಸ್ಪಷ್ಟವಾಗಿತ್ತು: ಸೋಮವಾರ ನಾಲ್ಕು ಗಂಟೆಯೊಳಗೆ ಅರ್ಜಿ ಕೊಡಬೇಕು. ಮಿಂತಿವಾಬ್ ಊಟ ಮುಗಿಸಿ ನಿಧಾನವಾಗಿ ಹೋದಳು.

"ನಾಲ್ಕಕ್ಕೇ ಮುಗೀತಲ್ಲ ತಾಯಿ," ಎಂದರು ಗುಮಾಸ್ತೆ ಅಲ್ಗಾನೆಶ್.

"ಈಗಿನ್ನೂ ಮೂರು, ಎತೀಯೆ," ಎಂದಳು ಮಿಂತಿವಾಬ್, ಅಕ್ಕಾ ಎನ್ನುವ ಹಾಗೆ.

ಅಲ್ಗಾನೆಶ್ ಗೋಡೆಯ ಗಡಿಯಾರ ತೋರಿಸಿದರು. ಅದರಲ್ಲಿ ಒಂಬತ್ತಾಗಿತ್ತು.

ಅವರ ದೇಶದ ಗಡಿಯಾರ ಸೂರ್ಯೋದಯದಿಂದ ಎಣಿಸುತ್ತದೆ. ನಾಲ್ಕು ಎಂದರೆ ಹೊತ್ತು ಹುಟ್ಟಿ ನಾಲ್ಕು ತಾಸು, ಅಂದರೆ ಹೊರಗಿನವರ ಲೆಕ್ಕದಲ್ಲಿ ಬೆಳಿಗ್ಗೆ ಹತ್ತು. ಮೂರು ವರ್ಷ ನೀಲಗಿರಿ ಮರಗಳ ಗುಡ್ಡದ ಮೇಲೆ ದೂರದರ್ಶಕದ ಜೊತೆ ಕಳೆದ ಹುಡುಗಿ ಅಲ್ಲಿನ ಲೆಕ್ಕಕ್ಕೆ ಬೇಕಾದ ಪರದೇಶದ ಗಂಟೆಯನ್ನೇ ಕೈಗೆ ಕಟ್ಟಿಕೊಂಡಿದ್ದಳು.

"ನಮ್ಮ ಗಂಟೇನೇ ಮರೆತೋಳು ಗೀಜ್ ಕಲೀತಾಳಂತೆ!" ಎಂದು ಅಲ್ಗಾನೆಶ್ ಗಟ್ಟಿಯಾಗಿ ನಕ್ಕರು. ಆಮೇಲೆ ಒಂದು ಮನವಿ ಪತ್ರ ಮುಂದೆ ತಳ್ಳಿ ಪಿಸುಗುಟ್ಟಿದರು: "ಜ್ವರ ಇತ್ತು ಅಂತ ಬರಿ. ಎಲ್ಲರೂ ಅದನ್ನೇ ಬರೆಯೋದು, ಒಪ್ಕೋತಾರೆ."

ಮಿಂತಿವಾಬ್ ಪೆನ್ನು ತೆಗೆದುಕೊಂಡಳು. ಬರೆದಳು: ‘ಗಡಿಯಾರವನ್ನು ನಾನೇ ತಪ್ಪಾಗಿ ಓದಿದೆ.’

ಮನವಿ ತಿರಸ್ಕೃತವಾಯಿತು. ಜಾಗ ಉಳಿದಿದ್ದ ಮಣ್ಣಿನ ವಿಜ್ಞಾನಕ್ಕೆ ಅವಳ ಹೆಸರು ಸೇರಿತು. ಅಲ್ಲಿಗೆ ಬಿಡುವ ಹುಡುಗಿಯಲ್ಲ ಅವಳು. ಮರುದಿನವೇ ಗೀಜ್ ಮೇಷ್ಟ್ರು ಗಶಾವರ ಬಾಗಿಲಲ್ಲಿ ನಿಂತಳು.

"ಅಂಕ ಕೊಡೋ ಹಾಗಿಲ್ಲಮ್ಮ."

"ಬೆಂಚು ಕೊಡ್ತೀರಾ ಗಾಶೆ?" ಎಂದಳು, ಅಣ್ಣಾ ಎನ್ನುವ ಗೌರವದಲ್ಲಿ.

"ಬೆಂಚಿಗೇನು, ದಂಡಿಯಾಗಿವೆ. ಬೆಳಿಗ್ಗೆ ಒಂದು ಗಂಟೆಗೆ ಪಾಠ. ಯಾವ ಒಂದು ಅಂತ ಗೊತ್ತು ತಾನೇ?"

ಸೂರ್ಯ ಹುಟ್ಟಿ ಒಂದು ತಾಸಿಗೆ, ಆ ಸೆಮಿಸ್ಟರ್ ಪೂರ್ತಿ, ಅವಳು ಒಂದು ದಿನವೂ ತಪ್ಪಿಸಲಿಲ್ಲ. ಮಣ್ಣಿನ ಪರೀಕ್ಷೆಯನ್ನೂ ಬರೆದಳು, ಗೀಜ್ ಪರೀಕ್ಷೆಯನ್ನೂ ಬರೆದಳು. ಎರಡನೆಯದನ್ನು ಮೇಷ್ಟ್ರು ಕೆಂಪು ಶಾಯಿಯಲ್ಲಿ ತಿದ್ದಿ ಕೈಗೆ ಕೊಟ್ಟರು. ಯಾವ ದಾಖಲೆಗೂ ಅದು ಸೇರಲಿಲ್ಲ.

ಈಸ್ಟರ್ ಹಬ್ಬಕ್ಕೆ ಊರಿಗೆ ಹೋದಾಗ, ವಾಡಿಕೆಯ ಮೂರನೆಯ ಸುತ್ತಿನ ಕಾಫಿಯಾದ ಮೇಲೆ, ಅಜ್ಜಿ ಹಾಳೆಯನ್ನು ಅವಳ ತೊಡೆಯ ಮೇಲಿಟ್ಟರು. ಮಿಂತಿವಾಬ್ ಬೆರಳಿಟ್ಟು ನಿಧಾನವಾಗಿ ಓದಿ ಅರ್ಥ ಹೇಳಿದಳು:

"‘ಒಂಬತ್ತನೇ ಗಂಟೆಗೆ ಸೂರ್ಯ ಕಪ್ಪಾದನು. ಕೋಳಿಗಳು ಗೂಡು ಸೇರಿದವು. ವೊರ್ಕ್ನೆಶ್ ಹೆದರಿ ನನ್ನ ಕೈ ಹಿಡಿದಳು.’"

ಒಂಬತ್ತು ಎಂದೊಡನೆ ಅವಳಿಗೆ ಕಚೇರಿಯ ಗೋಡೆ ನೆನಪಾಯಿತು. ಗ್ರಹಣವಾದದ್ದು ಇಳಿಹೊತ್ತಿನಲ್ಲಿ. ಈ ಸಲ ಅವಳು ತಪ್ಪಲಿಲ್ಲ.

ಅಜ್ಜಿ ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡು ಹೇಳಿದರು:

"ಸುಳ್ಳು ಬರ್ದಿದಾರೆ. ಹೆದರಿದ್ದು ಅವರು! ಇನ್ನೊಂದ್ಸಲ ಓದು."