ನೆಲಮಾಳಿಗೆಯಲ್ಲಿ ನಮ್ಮ ವೀರಪ್ಪನನ್ನು ಹುಡುಕಿದ ದಿನ

ರೇಷ್ಮೆಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿದ ಮಾರನೆಯ ದಿನ ನಾನೂ ಅಕ್ಕನೂ ಗೌರಿಬಿದನೂರಿಗೆ ಹೊರಟೆವು. ಮನೆಯಲ್ಲಿ ರೇಷ್ಮೆ ಹುಳು ಇರುವಾಗ ನಮ್ಮಂಥವರು ಎಲ್ಲಿಗೂ ಹೋಗುವಂತಿಲ್ಲ. ಅಕ್ಕ ಹಿಂದಿನ ಸಂಜೆಯೇ ಕೈವಾರದ ಹತ್ತಿರದ ತನ್ನ ಊರಿನಿಂದ ಬಂದು ಕಾದಿದ್ದಳು. ಅವಳ ಬ್ಯಾಗಿನಲ್ಲಿ ಮಗಳು ಭವ್ಯಳ ಲಗ್ನಪತ್ರಿಕೆಗಳಿದ್ದವು. ನಮ್ಮಲ್ಲಿ ಮೊದಲನೆಯ ಪತ್ರಿಕೆಯನ್ನು ವೀರಪ್ಪನ ಮುಂದಿಟ್ಟು ಕರೆದ ಮೇಲೆಯೇ ಉಳಿದವರಿಗೆ ಹಂಚುವುದು. ವೀರಪ್ಪ ಎಂದರೆ ನಮ್ಮ ಹಿಪ್ಪುನೇರಳೆ ಸೊಪ್ಪಿನ ತೋಟದ ಮೂಲೆಯಲ್ಲಿದ್ದ ದೇವರ ಕಲ್ಲು. ಈಗ ಅದು ತೋಟದಲ್ಲಿಲ್ಲ. ಗೌರಿಬಿದನೂರಿನಿಂದಾಚೆ ಒಂದು ಮ್ಯೂಸಿಯಮ್ಮಿನಲ್ಲಿ, ನೆಲದ ಕೆಳಗೆ ಇದೆ.

ಅಲ್ಲಿಗೆ ಅದನ್ನು ಕಳಿಸಿದವನು ನಾನು. ಇದು ಅಕ್ಕನಿಗೆ ತಿಳಿದಿರಲಿಲ್ಲ. ಮ್ಯೂಸಿಯಮ್ಮಿನ ಆಫೀಸಿನವರು ಬಂದು ಎತ್ತಿಕೊಂಡು ಹೋದರು, ನಾನು ಆಗ ಮಾರುಕಟ್ಟೆಯಲ್ಲಿದ್ದೆ ಎಂದು ಅವಳಿಗೆ ಹೇಳಿದ್ದೆ.

ನಾನು ಓದಿದ್ದು ಏಳನೇ ತರಗತಿ. ಬರೆದು ರೂಢಿಯಿಲ್ಲ. ಆದರೂ ಆ ದಿನ ನಡೆದದ್ದನ್ನು ಹೋದ ದಾರಿಯ ಸಮೇತ ಬರೆಯಬೇಕೆನಿಸಿತು. ಯಾಕೆಂದರೆ ಅದರಲ್ಲಿ ಅರ್ಧ ನನಗೇ ಇನ್ನೂ ತಿಳಿಯಾಗಿಲ್ಲ.

ಬೆಳಿಗ್ಗೆ ಮಂಜು ಇತ್ತು. ಜಂಗಮಕೋಟೆ ಕ್ರಾಸಿನಲ್ಲಿ ಹಾಲಿನ ಕ್ಯಾನುಗಳ ಪಕ್ಕ ನಿಂತು ಬಸ್ ಹಿಡಿದು ಶಿಡ್ಲಘಟ್ಟಕ್ಕೆ, ಅಲ್ಲಿಂದ ಚಿಕ್ಕಬಳ್ಳಾಪುರಕ್ಕೆ ಹೋದೆವು. ಹೆಂಗಸರಿಗೆ ಬಸ್ ಉಚಿತವಾದ್ದರಿಂದ ಅಕ್ಕ ಆಧಾರ್ ಕಾರ್ಡನ್ನು ಕೈಯಲ್ಲೇ ಹಿಡಿದಿದ್ದಳು. ಕಂಡಕ್ಟರ್ ಕೊಟ್ಟ ಸೊನ್ನೆಯ ಟಿಕೆಟನ್ನು ನನಗೆ ತೋರಿಸಿ, "ನಾನು ಒಬ್ಳೇ ಬಂದಿದ್ರೆ ಖರ್ಚೇ ಇರ್ತಿರ್ಲಿಲ್ಲ ನೋಡು ಸೀನ. ನೀನೇ ದಂಡ," ಎಂದಳು. ಚಿಕ್ಕಬಳ್ಳಾಪುರದಲ್ಲಿ ಬಸ್ ಬದಲಿಸಿದೆವು. ಊರು ದಾಟುವವರೆಗೂ ಹೂವಿನ ಮೂಟೆಗಳ ವಾಸನೆ. ಆಮೇಲೆ ದ್ರಾಕ್ಷಿ ಚಪ್ಪರಗಳು, ಮಂಚೇನಹಳ್ಳಿ ಕಡೆ ಬೋಳು ಬಂಡೆಯ ಗುಡ್ಡಗಳು. ಅಕ್ಕ ದಾರಿಯುದ್ದಕ್ಕೂ ಬ್ಯಾಗನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

"ಅವನಿಗೆ ಎಣ್ಣೆ ಹಚ್ಚಿ ಎರಡು ವರ್ಷ ಆಯ್ತು," ಎಂದಳು ಒಮ್ಮೆ. "ಮೈ ಎಷ್ಟು ಒಣಗಿದ್ಯೋ."

ವೀರಪ್ಪನಿಗೆ ಎಣ್ಣೆ ಹಚ್ಚುವುದು ನಮ್ಮ ಮನೆತನದ ಹೆಣ್ಣುಮಕ್ಕಳ ಕೆಲಸ. ಗಂಡಸರು ಮುಟ್ಟುವುದಿಲ್ಲ. ಯಾಕೆ ಎಂದು ಯಾರೂ ಕೇಳಿದ್ದಿಲ್ಲ. ನಮ್ಮ ಸೋದರತ್ತೆ ತೀರಿಕೊಂಡ ಮೇಲೆ ಅದು ಅಕ್ಕನಿಗೆ ಬಂತು. ಮದುವೆಯಾಗಿ ಹೋದವಳು ವರ್ಷಕ್ಕೊಮ್ಮೆ ಬಂದು, ಹರಳೆಣ್ಣೆ ಬಳಿದು, ಪಂಚೆ ಸುತ್ತಿ, ಕಾಡಿಗೆಯಲ್ಲಿ ಮೀಸೆ ತಿದ್ದಿ, ಧೂಪ ಹಾಕಿ ಹೋಗುತ್ತಿದ್ದಳು. ನಾನು ಹೊಸ ಹುಳುಮನೆ ಕಟ್ಟಿಸಿದ್ದು ಆ ಮೂಲೆಯ ಪಕ್ಕದಲ್ಲೇ. ಹುಳುವಿಗೆ ಹೊಗೆ ಆಗದು, ಊದುಬತ್ತಿಯ ವಾಸನೆಯೂ ಆಗದು. ಒಂದು ವರ್ಷ ಅಕ್ಕ ಬಂದಾಗ ಹುಳು ನಾಲ್ಕನೇ ಜ್ವರದಲ್ಲಿತ್ತು. ಪೊರೆ ಬಿಡುವ ಮೊದಲು ಹುಳು ಮೇವು ಬಿಟ್ಟು ಮಲಗುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಅವಳು ಧೂಪ ಹಾಕಿ ಹೋದ ಮೇಲೆ ಆ ಬೆಳೆ ಪೂರ್ತಿ ಹಾಳಾಯಿತು. ಸೊಪ್ಪಿನಲ್ಲೇ ದೋಷವಿತ್ತೋ ಏನೋ, ಪಕ್ಕದ ಮನೆಯವರದ್ದೂ ಹೋಗಿತ್ತು. ನಾನು ಮಾತ್ರ ಮನಸ್ಸಿನಲ್ಲಿ ಅದನ್ನು ಅಕ್ಕನ ಮೇಲೆ ಹಾಕಿದೆ. ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಧೂಪ ಬೇಡವೆಂದು ಅವಳೇ ಬಿಡುತ್ತಿದ್ದಳು. ಅದರ ಬದಲು, ಹಳ್ಳಿಹಳ್ಳಿ ಸುತ್ತಿ ಹಳೇ ಕಲ್ಲು ಹುಡುಕುತ್ತಿದ್ದ ಮ್ಯೂಸಿಯಮ್ಮಿನವರಿಗೆ ನಾನೇ ಫೋನ್ ಮಾಡಿದೆ. ಮನೆಯವರೆಲ್ಲ ಒಪ್ಪಿದ್ದಾರಾ ಎಂದು ಅವರು ಕೇಳಿದರು. ಒಪ್ಪಿದ್ದಾರೆ ಎಂದೆ. ಜೆಸಿಬಿ ಕರೆಸಿದವನೂ ನಾನೇ.

ಗೌರಿಬಿದನೂರಿನಲ್ಲಿ ಇಳಿದು ಬಸ್ ಸ್ಟ್ಯಾಂಡ್ ಎದುರು ಇಡ್ಲಿ ತಿಂದೆವು. ಚಟ್ನಿ ವಿಪರೀತ ಖಾರ. ಅಕ್ಕ ಒಂದೇ ಇಡ್ಲಿ ತಿಂದು ಸಾಕೆಂದಳು. ದೇವರ ಕೆಲಸ ಮುಗಿಯುವವರೆಗೂ ಹೊಟ್ಟೆ ತುಂಬಾ ತಿನ್ನಬಾರದಂತೆ. ಅಲ್ಲಿಂದ ಆಟೋ. ಆಟೋದವನು ನೂರೈವತ್ತು ಕೇಳಿ ನೂರಕ್ಕೆ ಬಂದ. ಹಳ್ಳಿಯ ಹೆಸರು ಬರೆಯುವುದಿಲ್ಲ. ಅಲ್ಲಿನವರ ತಪ್ಪು ಇದರಲ್ಲಿ ಏನೂ ಇಲ್ಲ.

ಮೇಲಿನಿಂದ ನೋಡಿದರೆ ಮ್ಯೂಸಿಯಂ ಎನ್ನುವ ಹಾಗಿಲ್ಲ. ಪಾಳೆಯಗಾರರ ಕಾಲದ ಕೋಟೆಯ ಮುರಿದ ಗೋಡೆ, ಒಂದು ಹುಣಸೆ ಮರ, ಟಿಕೆಟ್ ಕೊಡುವ ತಗಡಿನ ಕೋಣೆ. ದವಸ ತುಂಬಿಡಲೆಂದು ಕೋಟೆಯ ಕೆಳಗೆ ಹಿಂದಿನವರು ಕಲ್ಲುಕೋಣೆಗಳನ್ನು ಕಟ್ಟಿದ್ದರಂತೆ. ಅದನ್ನೇ ಈಗ ಬಲ್ಬು ಹಾಕಿ ಮ್ಯೂಸಿಯಂ ಮಾಡಿದ್ದಾರೆ. ಒಬ್ಬೊಬ್ಬರೇ ಇಳಿಯಲು ಬಿಡುವುದಿಲ್ಲ, ಗೈಡ್ ಜೊತೆಯೇ ಹೋಗಬೇಕು. ನಮ್ಮ ಗೈಡ್ ಶಬಾನಾ ಎಂಬ ಹುಡುಗಿ, ಗೌರಿಬಿದನೂರಿನವಳೇ. ನಮ್ಮ ಜೊತೆ ಹಿಂದೂಪುರದ ಗಂಡ ಹೆಂಡತಿ ಇದ್ದರು. ಅವರಿಗೆ ಕನ್ನಡ ಬಾರದು. ಶಬಾನಾ ಒಂದು ಮಾತು ಕನ್ನಡದಲ್ಲಿ, ಒಂದು ಮಾತು ತೆಲುಗಿನಲ್ಲಿ ಹೇಳುತ್ತಾ ಮುಂದೆ ಇಳಿದಳು.

ಅಕ್ಕ ಆ ಹೆಂಗಸಿಗೆ ತೆಲುಗಿನಲ್ಲಿ, "ಮಾ ದೇವುಡು ಇಕ್ಕಡೇ ಉನ್ನಾಡಮ್ಮಾ," ಎಂದಳು, ನಮ್ಮ ದೇವರು ಇಲ್ಲೇ ಇದ್ದಾನೆ ಎಂದು.

ಅವಳ ಗಂಡ ನಕ್ಕ. "ದೇವುಡಿಕಿ ಕೂಡಾ ಟಿಕೆಟ್ ತೀಸುಕುನ್ನಾರಾ?" ಎಂದ, ದೇವರಿಗೂ ಟಿಕೆಟ್ ತೆಗೆದುಕೊಂಡಿರಾ ಎಂದು.

"ಅವನು ಬಾಡಿಗೆಗೇ ಇದಾನೆ, ಟಿಕೆಟ್ ಬೇಡ," ಎಂದಳು ಅಕ್ಕ ಕನ್ನಡದಲ್ಲಿ. ಶಬಾನಾ ಅದನ್ನೂ ತೆಲುಗು ಮಾಡಿ ಹೇಳಿದಳು.

ಕೆಳಗೆ ತಂಪು. ನೆಲದ ಮೇಲಿನ ಬಿಸಿಲು ಅಲ್ಲಿ ಗೊತ್ತೇ ಆಗುವುದಿಲ್ಲ. ಕೋಣೆಯಿಂದ ಕೋಣೆಗೆ ಬಗ್ಗಿ ಹೋಗಬೇಕು. ನಾವು ಒಳಗೆ ಬಂದರೆ ದೀಪ ತಾನಾಗಿ ಹತ್ತುತ್ತದೆ, ಅಲ್ಲಾಡದೆ ನಿಂತರೆ ಆರುತ್ತದೆ. ದವಸ ತುಂಬುವ ಮಣ್ಣಿನ ವಾಡೆಗಳು, ಕತ್ತಿಗಳು, ಕಿಲುಬು ಹಿಡಿದ ನಾಣ್ಯಗಳು, ಒಂದು ಶಾಸನ. ಶಬಾನಾ ಗಂಗರು, ಚೋಳರು, ಹೊಯ್ಸಳರು ಎಂದು ಹೇಳುತ್ತಾ ಹೋದಳು. ಯಾರು ಮೊದಲು ಯಾರು ಆಮೇಲೆ ಎಂದು ನನ್ನ ತಲೆಯಲ್ಲಿ ನಿಲ್ಲಲಿಲ್ಲ. ಎಲ್ಲ ಕೋಣೆಗಳೂ ಒಂದೇ ತರಹ. ಬಂದ ದಾರಿ ಯಾವುದು ಎಂದು ತಿರುಗಿ ನೋಡಿದರೆ ಹಿಂದಿನ ಕೋಣೆ ಆಗಲೇ ಕತ್ತಲು. ಅಕ್ಕನಿಗೆ ಓದಲು ಬರುವುದಿಲ್ಲ. ಪ್ರತಿಯೊಂದರ ಪಕ್ಕದ ಬೋರ್ಡನ್ನು ನಾನು ಓದಿ ಹೇಳುತ್ತಿದ್ದೆ.

ವೀರಗಲ್ಲುಗಳ ಕೋಣೆಗೆ ಬಂದೆವು. ದೀಪ ಹತ್ತಿತು. ಅಕ್ಕ ಬಾಗಿಲಲ್ಲೇ ನಿಂತಳು.

ಸಾಲಾಗಿ ಕಲ್ಲುಗಳು, ಎಲ್ಲವೂ ಬೂದಿ ಬಣ್ಣ. ತೊಳೆದು, ಉಜ್ಜಿ, ಕಬ್ಬಿಣದ ಪಟ್ಟಿಯ ಮೇಲೆ ನಿಲ್ಲಿಸಿದ್ದರು. ನಮಗೆ ಗೊತ್ತಿದ್ದ ವೀರಪ್ಪ ಕರ್ರಗೆ ಮಿರಿಮಿರಿ ಮಿಂಚುತ್ತಿದ್ದವನು. ಎಣ್ಣೆಯ ಜಿಡ್ಡು ಗೇಣುದಪ್ಪ ಕೂತು ಮೂಗು ಮುಖ ಏನೂ ಕಾಣುತ್ತಿರಲಿಲ್ಲ. ಬೆಳ್ಳಿಯ ಎರಡು ಕಣ್ಣು, ಎತ್ತಿ ಹಿಡಿದ ಒಂದು ಕೈ, ಅಷ್ಟೇ. ಸೊಂಟದಿಂದ ಕೆಳಗೆ ಮಣ್ಣಿನಲ್ಲಿ ಹೂತಿದ್ದ.

"ಏನೋ ಇದು ಸೀನ," ಎಂದಳು ಅಕ್ಕ ಮೆಲ್ಲಗೆ. "ಇದ್ರಲ್ಲಿ ನಮ್ಮೋನು ಯಾರೋ?"

ನನಗೂ ತಿಳಿಯಲಿಲ್ಲ. ಬೋರ್ಡುಗಳನ್ನು ಓದಿದೆ. ಮೂರು ಕಲ್ಲಿಗೆ "ವೀರಗಲ್ಲು, ಶಿಡ್ಲಘಟ್ಟ ತಾಲ್ಲೂಕು" ಎಂದಿತ್ತು, ಊರಿನ ಹೆಸರು ಇರಲಿಲ್ಲ. ಶಬಾನಾಳನ್ನು ಕೇಳಿದರೆ, "ಊರಿನ ವಿವರ ಸಾರ್ ಹತ್ರ ಇರುತ್ತಣ್ಣ, ಅವ್ರು ಇವತ್ತು ಬಂದಿಲ್ಲ," ಎಂದಳು. ಆಮೇಲೆ ಕಲ್ಲುಗಳ ಅರ್ಥ ಹೇಳಿದಳು. ಕೆಳಗಿನ ಪಟ್ಟಿಯಲ್ಲಿ ಯುದ್ಧ, ಮಧ್ಯದಲ್ಲಿ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ಅಕ್ಕ ಮೂರೂ ಕಲ್ಲುಗಳ ಮುಂದೆ ಹೋಗಿ ಬಂದು ಮಾಡಿದಳು. ಮೂವರೂ ಕೈ ಎತ್ತಿ ಕತ್ತಿ ಹಿಡಿದಿದ್ದರು.

"ಮುಟ್ಟಿದ್ರೆ ಗೊತ್ತಾಗುತ್ತೆ ನನಗೆ," ಎಂದು ಕೈ ಚಾಚಿದಳು.

"ಅಮ್ಮ, ಮುಟ್ಬೇಡಿ, ಕ್ಯಾಮೆರಾ ಇದೆ. ನನಗೆ ಬೈತಾರೆ."

ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು. ಹಿಂದೂಪುರದವರು ಕಾಯುತ್ತಿದ್ದರು. ಅವಳು ನನ್ನ ಮುಖ ನೋಡಿದಳು. ನಾನು ನಡುವಿನ ಕಲ್ಲನ್ನು ತೋರಿಸಿ, "ಇವನೇ ಇರ್ಬೇಕಕ್ಕ," ಎಂದೆ. ಗೊತ್ತಿದ್ದು ಹೇಳಿದ್ದಲ್ಲ. ಏನಾದರೂ ಹೇಳಬೇಕಲ್ಲ ಎಂದು ಹೇಳಿದ್ದು. ಅಕ್ಕ ತಕ್ಷಣ ನಂಬಿದಳು. ಸೆರಗನ್ನು ಹೊದ್ದು, ಅರಿಶಿನ ಹಚ್ಚಿದ ಪತ್ರಿಕೆಯನ್ನು ತೆಗೆದು ಕಲ್ಲಿನ ಬುಡದಲ್ಲಿಟ್ಟಳು.

"ಅಪ್ಪ ವೀರಪ್ಪ, ಭವ್ಯನ ಮದ್ವೆ. ಕೈವಾರದ ಛತ್ರದಲ್ಲಿ. ಬಂದು ನಿಂತು ನಡೆಸ್ಕೊಡ್ಬೇಕು. ಎಣ್ಣೆ ತಂದಿದೀನಿ, ಇವ್ರು ಹಚ್ಚಕ್ಕೆ ಬಿಡಲ್ಲ. ಬೇಜಾರು ಮಾಡ್ಕೊಬೇಡ."

ಶಬಾನಾ ಹತ್ತಿರ ಬಂದು, "ಅಮ್ಮ, ಕೈಮುಗಿದು ಪತ್ರಿಕೆ ವಾಪಸ್ ತಗೊಳಿ," ಎಂದಳು.

"ಕರೆದ ಮೇಲೆ ಪತ್ರಿಕೆ ಕಿತ್ಕೊಳ್ತಾರೇನಮ್ಮ? ನೀನು ನಿಮ್ಮ ಮನೇಲಿ ಹಂಗೆ ಮಾಡ್ತೀಯ?"

ಶಬಾನಾ ಕ್ಯಾಮೆರಾ ಕಡೆ ನೋಡಿ, ಪತ್ರಿಕೆಯನ್ನು ಕಾಲಿನಿಂದ ಮೆಲ್ಲಗೆ ತಳ್ಳಲು ಹೋಗಿ, ತಪ್ಪೆನಿಸಿತೋ ಏನೋ, ಬಗ್ಗಿ ಕೈಯಿಂದಲೇ ಕಲ್ಲಿನ ಹಿಂದಕ್ಕೆ ಸರಿಸಿದಳು. "ಹಾಗಾದ್ರೆ ನನ್ನೂ ಕರೀರಿ," ಎಂದಳು. ಅಕ್ಕ ಎರಡನೆಯ ಪತ್ರಿಕೆಯನ್ನು ಅವಳಿಗೇ ಕೊಟ್ಟಳು.

ಕೊನೆಯ ಕೋಣೆ ಹೊರಗೆ ಹತ್ತುವ ಮೆಟ್ಟಿಲ ಪಕ್ಕದಲ್ಲಿ. ಅಲ್ಲಿ ಒಂದೇ ಕಲ್ಲು. ಕಂಬದಂಥ ಕಲ್ಲಿನಿಂದ ಹೊರಟ ಒಂದು ತೋಳು, ಮೊಣಕೈಯಲ್ಲಿ ಮಡಿಸಿ ಮೇಲೆತ್ತಿದ ಅಂಗೈ, ಕೈತುಂಬ ಬಳೆ, ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಕೆಳಗೆ ನಿಂತ ಹೆಂಗಸು. "ಇದು ಮಾಸ್ತಿಗಲ್ಲು," ಎಂದಳು ಶಬಾನಾ. "ಗಂಡ ಸತ್ತಾಗ ಬೆಂಕಿಗೆ ಹೋದವಳ ನೆನಪಿಗೆ ನಿಲ್ಲಿಸಿದ್ದು. ಇದ್ರ ಮೇಲೆ ಅಕ್ಷರ ಇಲ್ಲ, ಹಾಗಾಗಿ ಯಾರು ಅಂತ ಗೊತ್ತಿಲ್ಲ." ಅಕ್ಕ ಹಿಂದೂಪುರದ ಹೆಂಗಸಿಗೆ ಛತ್ರದ ದಾರಿ ಹೇಳುವುದರಲ್ಲಿದ್ದಳು. ಅದು ಅವಳ ಕಿವಿಗೆ ಬೀಳಲಿಲ್ಲ.

ನಾನು ಕಲ್ಲಿನ ನೆತ್ತಿ ನೋಡಿದೆ. ಬಲಬದಿಯಲ್ಲಿ ಅಂಗೈಯಗಲದ ಚಕ್ಕೆ ಹಾರಿತ್ತು. ಉಳಿದ ಕಲ್ಲು ಬೂದಿ ಬಣ್ಣ, ಆ ಗಾಯ ಮಾತ್ರ ಬೆಳ್ಳಗೆ. ಜೆಸಿಬಿಯ ಬಕೆಟ್ ತಗುಲಿ ಅದು ಹಾರಿದಾಗ ನಾನು ಎದುರಿಗೇ ನಿಂತಿದ್ದೆ. ಆಗ ಕಲ್ಲಿನ ಕೆಳಗಿನ ಅರ್ಧಕ್ಕೆ ಮಣ್ಣು ಮೆತ್ತಿತ್ತು, ವೀರಗಲ್ಲುಗಳ ಮುಂದೆ ನಿಂತಾಗ ಈ ಗುರುತು ನನಗೆ ನೆನಪಾಗಿರಲಿಲ್ಲ. ಬೋರ್ಡಿನಲ್ಲಿ ಶಿಡ್ಲಘಟ್ಟ ತಾಲ್ಲೂಕು ಎಂದೇ ಇತ್ತು. ನಾವು ಕತ್ತಿಯ ಕೈ ಎಂದುಕೊಂಡದ್ದು ಬಳೆಯ ಕೈ. ನಮ್ಮ ವೀರಪ್ಪ ಹೆಂಗಸು.

ಅಕ್ಕ ತಿರುಗಿ ನೋಡಿದಳು. "ಪಾಪ, ಬಳೆ ಎಷ್ಟು ಚೆನ್ನಾಗಿ ಬಿಡಿಸಿದ್ದಾರೆ ನೋಡೋ. ಏನಂತ ಬರ್ದಿದೆ?"

"ಏನೋ ಹಳೇದು. ನಡಿಯಕ್ಕ, ಬಸ್ ತಪ್ಪುತ್ತೆ," ಎಂದೆ.

ಅದೊಂದು ಬೋರ್ಡನ್ನು ನಾನು ಓದಿ ಹೇಳಲಿಲ್ಲ. ಹೇಳಿದ್ದರೆ ಆ ಚಕ್ಕೆ ನನಗೆ ಹೇಗೆ ಗೊತ್ತೆಂದು ಹೇಳಬೇಕಾಗುತ್ತಿತ್ತು. ಕಲ್ಲು ಕೊಟ್ಟದ್ದಕ್ಕಿಂತ ಇದು ದೊಡ್ಡ ತಪ್ಪು ಎಂದು ಈಗ ಅನ್ನಿಸುತ್ತದೆ. ಅಕ್ಕ ಆ ಬಳೆಯ ಕೈಯವಳ ಎದುರೇ ನಿಂತಿದ್ದಳು. ಬ್ಯಾಗಿನಲ್ಲಿ ಬೇಕಾದಷ್ಟು ಪತ್ರಿಕೆಗಳಿದ್ದವು. ನಾನು ಅಕ್ಕನ ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ. ಮೇಲೆ ಬಂದಾಗ ಬಿಸಿಲಿಗೆ ಕಣ್ಣು ಬಿಡಲಾಗಲಿಲ್ಲ.

ವಾಪಸ್ ಬರುವಾಗ ಚಿಕ್ಕಬಳ್ಳಾಪುರದಲ್ಲಿ ಚಿಂತಾಮಣಿಯ ಬಸ್ ಸಿಕ್ಕಿತು. ನಾನು ಶಿಡ್ಲಘಟ್ಟದಲ್ಲಿ ಇಳಿಯುವುದು, ಅಕ್ಕ ಅದರಲ್ಲೇ ಮುಂದಕ್ಕೆ ಹೋಗುವುದು ಎಂದಾಯಿತು. ಅಕ್ಕ ಈಗ ಹೊಟ್ಟೆ ತುಂಬಾ ತಿಂದಳು. ಕಡಲೆಕಾಯಿ ಬಿಡಿಸಿ ನನ್ನ ಕೈಗೂ ಹಾಕಿದಳು. "ಒಳ್ಳೆ ತಂಪಾದ ಜಾಗದಲ್ಲಿ ಇಟ್ಟಿದ್ದಾರೆ ಬಿಡು. ನೀನು ಜೊತೆಗೆ ಬರ್ದೇ ಇದ್ದಿದ್ರೆ ನನಗೆ ಅವನು ಸಿಕ್ತಾನೇ ಇರ್ಲಿಲ್ಲ ಕಣೋ," ಎಂದಳು.

ಅದನ್ನು ಕೇಳಿ ಸುಮ್ಮನಿರಲು ಆಗಲಿಲ್ಲ. ಬಸ್ಸಿನ ಗದ್ದಲದಲ್ಲಿ, ಅವಳ ಕಿವಿಯ ಹತ್ತಿರ, ಎಲ್ಲ ಹೇಳಿದೆ. ಫೋನ್ ಮಾಡಿದ್ದು, ಹೊಗೆಯ ಸಿಟ್ಟು, ಜೆಸಿಬಿ, ಚಕ್ಕೆ, ಬಳೆಯ ಕೈ. ಹಿಂದೆಮುಂದೆ ಮಾಡಿ ಹೇಳಿದೆನೇನೋ, ಎರಡು ಸಲ ಅವಳು "ಏನು?" ಎಂದಳು. ಆಮೇಲೆ ಕಿಟಕಿಯ ಕಡೆ ತಿರುಗಿದಳು. ಕಡಲೆಕಾಯಿಯ ಸಿಪ್ಪೆ ಅವಳ ಮಡಿಲಲ್ಲೇ ಇತ್ತು.

"ಹೊಗೆ ಬೇಡ ಅಂತ ಒಂದ್ ಮಾತು ಹೇಳಕ್ಕೆ ಆಗ್ಲಿಲ್ವ ನಿನಗೆ?" ಎಂದಳು.

ಅವಳು ಬಿಡಿಸಿ ಕೊಟ್ಟಿದ್ದ ಕಡಲೆಬೀಜವನ್ನು ನಾನು ಜೇಬಿಗೆ ಹಾಕಿಕೊಂಡೆ.

"ಯಾರನ್ನೋ ಮದ್ವೆಗೆ ಕರೆದು ಬಂದಿದೀನಿ. ಅವನು ಬರ್ಲಿ, ಅವನ ತಪ್ಪೇನಿದೆ. ಇವಳು ಎದುರಿಗೇ ನಿಂತಿದ್ಲು. ನಾನು ನೋಡ್ಕೊಂಡು ಬಂದೆ."

ಶಿಡ್ಲಘಟ್ಟ ಬಂತು. ನಾನು ಎದ್ದೆ. ಇಳಿದು ಕಿಟಕಿಯ ಕೆಳಗೆ ನಿಂತೆ.

"ಅವಳ ಹೆಸರೇನು?" ಎಂದಳು ಅಕ್ಕ.

"ಯಾರ್ದು?"

"ಅವಳದು. ವೀರಪ್ಪ ಅಂತ ಇನ್ನು ಕರೆಯಕ್ಕಾಗಲ್ಲ. ಹೆಸರು ಕೇಳ್ಕೊಂಡು ಬಾ. ಹೆಸರು ಸಿಕ್ಕಿದ ಮೇಲೆ ನಮ್ಮನೇಗೆ ಬಾ, ನಾನೇ ಹೋಗಿ ಸರಿಯಾಗಿ ಕರೆದು ಬರ್ತೀನಿ."

ಕಲ್ಲಿನ ಮೇಲೆ ಅಕ್ಷರವಿಲ್ಲ ಎಂದು ಶಬಾನಾ ಹೇಳಿದ್ದನ್ನು ತಿಳಿಸಲು ಬಾಯಿ ತೆರೆಯುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಬಸ್ ಚಿಂತಾಮಣಿ ರಸ್ತೆಗೆ ತಿರುಗಿತು. ಅಕ್ಕನ ತಲೆ ಕಿಟಕಿಯಲ್ಲಿ ಸ್ವಲ್ಪ ದೂರ ಕಂಡಿತು. ಅವಳು ತಿರುಗಿ ನೋಡಲಿಲ್ಲ.

ಹುಳುಮನೆಗೆ ಇನ್ನೂ ಹೊಸ ಹುಳು ತಂದಿಲ್ಲ. ತರುವ ಮೊದಲು ಗೌರಿಬಿದನೂರಿಗೆ ಇನ್ನೊಂದು ಸಲ ಹೋಗಿಬರಬೇಕು. ಊರಿನ ವಿವರ ಇಟ್ಟಿರುವ ಆ ಸಾರ್ ಬರುವ ದಿನ ನೋಡಿಕೊಂಡು ಹೋಗುತ್ತೇನೆ. ಏನೆಂದು ಕೇಳುವುದೋ ನನಗೆ ಗೊತ್ತಿಲ್ಲ.