ತಾತನ ಟೋಪಿಯ ಬಿಲ್ಲೆ

ನನ್ನ ತಾತನ ಮುಖ ನಾನು ಕಂಡದ್ದು ಫೋಟೋದಲ್ಲಿ, ಅದೂ ಹುಬ್ಬಿನಿಂದ ಕೆಳಕ್ಕೆ ಮಾತ್ರ. ಹುಬ್ಬಿನ ಮೇಲೆ ಕುಂಕುಮ, ಗಂಧ, ವಿಭೂತಿ ಎಲ್ಲ ಕಲೆತು ಹೆಕ್ಕಳೆ ಕಟ್ಟಿತ್ತು. ಅಂಗೈ ಅಗಲದ ರಟ್ಟಿನ ಫೋಟೋ. ಬಣ್ಣ ಬರೆದ ಪರದೆಯ ಮುಂದೆ ಎಳೆಯ ಗಂಡಸೊಬ್ಬ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತಿದ್ದಾನೆ. ಮೈಗೆ ಗುಂಡಿಗಳ ದಪ್ಪ ಕೋಟು, ಸೊಂಟಕ್ಕೆ ಅಗಲವಾದ ಬೆಲ್ಟು, ಮೊಣಕಾಲಿನ ತನಕ ಸುತ್ತಿದ ಬಟ್ಟೆಯ ಪಟ್ಟಿ, ಕಾಲಿಗೆ ಬೂಟು. ತಲೆಯ ಮೇಲೆ ಟೋಪಿ ಇದೆ ಎಂಬುದನ್ನು ಎರಡು ಪಕ್ಕದ ಅಂಚು ನೋಡಿ ಊಹಿಸಿಕೊಳ್ಳಬೇಕು. ಫೋಟೋದ ಹಿಂದೆ ಒಂದಕ್ಷರವೂ ಇಲ್ಲ.

ನಮ್ಮೂರು ಶಾಗ್ಯ. ತಾತ ಊರು ಬಿಟ್ಟದ್ದು ಮೊದಲನೇ ಮಹಾಯುದ್ಧ ನಡೆಯುತ್ತಿದ್ದಾಗ, ಮಿಲಿಟರಿಗೆ ಸೇರಿದ ಎಂದೇ ಅಜ್ಜಿಯ ನಂಬಿಕೆ. ಆಗ ನಮ್ಮಪ್ಪ ಇನ್ನೂ ಅಜ್ಜಿಯ ಕಂಕುಳಲ್ಲಿದ್ದ ಕೂಸು. ವರ್ಷದ ಮೇಲೆ ಟಪಾಲಿನಲ್ಲಿ ಈ ಫೋಟೋ ಒಂದೇ ಬಂತು, ಜೊತೆಗೆ ಕಾಗದವಿರಲಿಲ್ಲ. ಲಕೋಟೆಯ ಮೇಲಿನ ಮುದ್ರೆ ಓದುವವರು ಮನೆಯಲ್ಲಿ ಯಾರೂ ಇರಲಿಲ್ಲ. ಅಜ್ಜಿ ಆ ಲಕೋಟೆಯಲ್ಲಿ ಅವರೆ ಬೀಜ ಕಟ್ಟಿಟ್ಟಳು, ಬೀಜದ ಜೊತೆ ಲಕೋಟೆಯೂ ಇಲಿಯ ಪಾಲಾಯಿತು. ತಾತ ಬರಲಿಲ್ಲ. ಹನ್ನೆರಡು ವರ್ಷ ಕಾದ ಮೇಲೆ ಊರಿನ ಹಿರಿಯರು ಕೂತು, ಇನ್ನು ಅವನಿಲ್ಲ ಎಂದು ತೀರ್ಮಾನಿಸಿ ಅಜ್ಜಿಯ ಬಳೆ ತೆಗೆಸಿದರು. ಅಲ್ಲಿಂದಾಚೆಗೆ ಪ್ರತಿ ಮಾರ್ನಮಿ ಅಮಾವಾಸ್ಯೆಗೆ, ಸತ್ತ ಹಿರಿಯರಿಗೆ ಎಡೆ ಇಡುವ ದಿನ, ಟ್ರಂಕಿನಿಂದ ಫೋಟೋ ಈಚೆಗೆ ಬರುತ್ತಿತ್ತು. ಅಜ್ಜಿ ಅದನ್ನು ಕಳಸಕ್ಕೆ ಒರಗಿಸಿ, ಒದ್ದೆ ಬೆರಳಲ್ಲಿ ಕುಂಕುಮ ಹಚ್ಚುತ್ತಿದ್ದಳು. ಕಟ್ಟು ಹಾಕಿಸೋಣ ಎಂದರೆ ಒಪ್ಪುತ್ತಿರಲಿಲ್ಲ. ಗಾಜಿನೊಳಗೆ ಉಸಿರು ಕಟ್ಟುತ್ತದಂತೆ. ಕುಂಕುಮ ಹಣೆ ಬಿಟ್ಟು ಟೋಪಿಗೆ ಬೀಳುತ್ತಿದ್ದುದನ್ನು ನಾವು ಮಕ್ಕಳೆಲ್ಲ ನೋಡಿ, ಅಜ್ಜಿಗೆ ಕಣ್ಣು ಮಂಜಾಯಿತು ಎಂದು ಮುಸಿಮುಸಿ ನಗುತ್ತಿದ್ದೆವು.

ನನಗೆ ಯಳಂದೂರಿನ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿ ಎರಡು ವರ್ಷವಾಗಿತ್ತು. ಆ ಸಲದ ಮಾರ್ನಮಿಗೆ ಊರಿಗೆ ಬಂದಿದ್ದೆ. ಎಡೆಗೆ ಚಿಕ್ಕ ತಾತನೂ ಬಂದಿದ್ದ. ಅವನು ತಾತನ ಒಡಹುಟ್ಟಿದ ತಮ್ಮ, ಹಲ್ಲು ಹೋಗಿದ್ದರೂ ನಾಲಿಗೆ ಗಟ್ಟಿಯಾಗಿತ್ತು. ಅಜ್ಜಿ ಕುಂಕುಮದ ಬಟ್ಟಲು ಕೈಗೆತ್ತಿಕೊಂಡಳೋ ಇಲ್ಲವೋ, ಅವನು ಶುರುಮಾಡಿದ.

"ಅತ್ಗೆ, ಇನ್ನೂ ಎಷ್ಟ್ ವರ್ಸ ಎಡೆ ಇಕ್ಕೀಯೆ ಅವನ್ಗೆ? ಮಿಲ್ಟ್ರಿಗೂ ಓಗಿಲ್ಲ, ಮಣ್ಗೂ ಓಗಿಲ್ಲ. ಕೂಲಿ ಕರ್ಕಂಡ್ ಓಗೋ ಎಸ್ಟೇಟ್ ಮೇಸ್ತ್ರಿ ಗಾಡಿ ಅತ್ತಿದ್ದುನ್ನ ನಾನೇ ಕಣ್ಣಾರೆ ಕಂಡಿವ್ನಿ. ನೀಲಗಿರಿ ಕಡೆ ಎಲ್ಲೋ ಇನ್ನೊಬ್ಳ ಕಟ್ಕಂಡು ಮಕ್ಕಳು ಮರಿ ಮಾಡ್ಕಂಡವ್ನೆ. ಕೋಟ್ಗೀಟೆಲ್ಲ ಎಸ್ಟೇಟ್ ದೊರೆ ಆಕ್ಸಿರೋದು."

ಅಜ್ಜಿಯ ಕೈಯಿಂದ ಕುಂಕುಮ ಎಡೆಯ ಅನ್ನದ ಮೇಲೆ ಬಿತ್ತು. ಅಪ್ಪ ಎಮ್ಮೆ ಕಟ್ಟುವ ನೆಪದಲ್ಲಿ ಎದ್ದು ಹೋದ. ನಮ್ಮಪ್ಪ ಇಂಥ ಹೊತ್ತಿನಲ್ಲೆಲ್ಲ ಎಮ್ಮೆ ಕಟ್ಟುವವನೇ. ನನಗೆ ಮೈಯೆಲ್ಲ ಉರಿಯಿತು. ಗಂಡ ಸತ್ತ ಹೆಂಗಸಿಗೆ ಊರಿನಲ್ಲಿ ಒಂದು ಜಾಗವಿರುತ್ತದೆ. ಗಂಡ ಬಿಟ್ಟುಹೋದವಳಿಗೆ ಅದೂ ಇರುವುದಿಲ್ಲ. ಐವತ್ತು ವರ್ಷ ಒಬ್ಬಂಟಿಯಾಗಿ ಬಾಳಿದ ಮುದುಕಿಯನ್ನು ಈ ಮನುಷ್ಯ ಒಂದೇ ಮಾತಿನಲ್ಲಿ ಆ ಸಾಲಿಗೆ ತಳ್ಳಿಬಿಟ್ಟ. ತಾತ ಸಿಪಾಯಿಯಾಗಿದ್ದ ಎಂದು ತೋರಿಸಿಯೇ ತೀರುತ್ತೇನೆ ಎಂದು ನಾನು ಎಲ್ಲರೆದುರು ಹೇಳಿದೆ. ಓದಿದ್ದೇನೆ, ನಾಲ್ಕು ಕಾಗದ ಬರೆದರೆ ಆಯಿತು ಎಂದುಕೊಂಡಿದ್ದೆ. ಎಂಥ ದಡ್ಡಿ ನಾನು.

ಮೊದಲು ಕೊಯಮತ್ತೂರಿಗೆ ಬರೆದೆ, ಏಕೆಂದರೆ ತಾತ ಹೋದಾಗ ನಮ್ಮ ಕೊಳ್ಳೇಗಾಲ ತಾಲೂಕು ಆ ಜಿಲ್ಲೆಗೆ ಸೇರಿತ್ತು. ನಿಮ್ಮ ತಾಲೂಕು ಈಗ ಮೈಸೂರು ರಾಜ್ಯಕ್ಕೆ ಸೇರಿದೆ, ಅಲ್ಲಿ ವಿಚಾರಿಸಿ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು ಬಂತು. ಮೈಸೂರಿಗೆ ಬರೆದೆ. ಆ ಕಾಲಕ್ಕೆ ನಿಮ್ಮ ತಾಲೂಕು ಮದ್ರಾಸಿನದು, ಅಲ್ಲಿ ವಿಚಾರಿಸಿ ಎಂದು ಕನ್ನಡದಲ್ಲಿ ಎರಡು ಸಾಲು ಬಂತು. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ. ಮದ್ರಾಸಿನವರು ಒಂದು ವರ್ಷ ಸುಮ್ಮನಿದ್ದು, ಯಾವ ಪಟಾಲಂ, ಯಾವ ನಂಬರು ಎಂದು ತಿಳಿಸಿದರೆ ಹುಡುಕಬಹುದು ಎಂದರು. ಅದು ಗೊತ್ತಿದ್ದರೆ ನಾನು ಇವರಿಗೇಕೆ ಬರೆಯುತ್ತಿದ್ದೆ? ಶಾಲೆಯಲ್ಲಿ ಅಗರದ ಮೇಷ್ಟ್ರೊಬ್ಬರು ನಗುತ್ತಿದ್ದರು. "ನಿಮ್ಮ ತಾತ ನಮ್ಮ ಯಳಂದೂರು ಕಡೆಯೋರಾಗಿದ್ರೆ ಮಾರಾಜ್ರ ದಂಡು ಅಂತ ಒಂದೇ ಮಾತ್ಗೆ ಮುಗ್ದೋಗ್ತಿತ್ತು ಟೀಚರಮ್ಮ. ನೀವು ಆ ಕಡೇಗೂ ಇಲ್ಲ, ಈ ಕಡೇಗೂ ಇಲ್ಲ." ಅವರ ಮಾತು ನಿಜವಾಗಿತ್ತು, ಅದಕ್ಕೇ ಅವರ ಮೇಲೆ ಇನ್ನಷ್ಟು ಸಿಟ್ಟು ಬಂತು.

ಕೊಳ್ಳೇಗಾಲದಲ್ಲಿ ಒಬ್ಬ ನಿವೃತ್ತ ಹವಾಲ್ದಾರರಿದ್ದಾರೆ, ಹಳೆಯ ಪಟಾಲಂಗಳ ವಿಷಯ ಬಲ್ಲರು ಎಂದು ಯಾರೋ ಹೇಳಿದರು. ಅಜ್ಜಿಯನ್ನು ಕಾಡಿ ಬೇಡಿ ಫೋಟೋ ಇಸಿದುಕೊಂಡು ಒಂದು ಭಾನುವಾರ ಬಸ್ಸು ಹತ್ತಿದೆ. ಹವಾಲ್ದಾರರು ಭೂತಗನ್ನಡಿ ತಂದು ಫೋಟೋವನ್ನು ಬಿಸಿಲಿಗೆ ಹಿಡಿದರು. ಮೇಲಿನಿಂದ ನೋಡುತ್ತಾರೆ ಎಂದುಕೊಂಡರೆ ಕಾಲಿನಿಂದ ಶುರುಮಾಡಿದರು.

"ಪಟ್ಟಿ ನೋಡಮ್ಮ. ಕೆಳ್ಗಿಂದ ಸುತ್ಕಂಡ್ ಬಂದು ಮೊಣಕಾಲ್ ಕೆಳಗೆ ಕಟ್ಟವ್ರೆ. ಕುದ್ರೆ ಅತ್ತೋರು ಮೇಲಿಂದ ಸುತ್ತಿ ಪಾದದ ಮೇಲ್ಗಡೆ ಅರಡಿನ ತಾವು ಕಟ್ತಿದ್ರು. ಇವ್ರು ನಡ್ಕಂಡ್ ಓಗೋ ಪಟಾಲಂನೋರು ಇರ್ಬೇಕು."

"ಹಾಗಾದರೆ ಸಿಪಾಯಿ ಅನ್ನಬಹುದಾ ಸಾರ್?" ಎಂದೆ.

"ಅಂಗನ್ನಕಾಯ್ತದಾ? ಕಾಡು ಕಾಯೋ ಗಾರ್ಡ್‌ಗಳೂ ಇಂಗೇ ಸುತ್ಕತಿದ್ರು. ಟೋಪಿ ಬಿಲ್ಲೆ ಕಂಡ್ರೆ ಆ ಗಳಿಗೇಲಿ ಯೋಳ್ತಿದ್ದೆ. ಪಟಾಲಮ್ಮಿಗೊಂದು ಬಿಲ್ಲೆ." ಭೂತಗನ್ನಡಿ ಟೋಪಿಯ ಮೇಲೆ ನಿಂತಿತು. "ಇಲ್ಲೇನದೆ, ಬರೀ ಕುಂಕುಮ. ಯಾರಮ್ಮ ಇಂಗೆ ಮಾಡ್ದೋರು?"

ನಾನು ಫೋಟೋ ಇಸಿದುಕೊಂಡು ಎದ್ದೆ. ಬಸ್ ಸ್ಟ್ಯಾಂಡಿನ ತನಕ ನಡೆಯುವಾಗ ಅಜ್ಜಿಯ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಯಾವ ಗುರುತಿನಿಂದ ಅವಳ ಮರ್ಯಾದೆ ಉಳಿಯಬೇಕಿತ್ತೋ, ಅದನ್ನೇ ಅವಳು ವರ್ಷ ವರ್ಷ ಒದ್ದೆ ಬೆರಳಲ್ಲಿ ಉಜ್ಜಿ ಅಳಿಸಿದ್ದಳು.

ದಾರಿಯಲ್ಲಿ ಒಂದು ಫೋಟೋ ಸ್ಟುಡಿಯೋ ಕಂಡಿತು. ಕುಂಕುಮ ತೆಗೆಯಲು ಬರುತ್ತದೆಯೇ ಎಂದು ಕೇಳಿದೆ. ಸ್ಟುಡಿಯೋದವನು ಹತ್ತಿಯನ್ನು ಯಾವುದೋ ದ್ರಾವಣದಲ್ಲಿ ಅದ್ದಿ ಮೆಲ್ಲನೆ ಒರೆಸಿದ. ಕುಂಕುಮ ಬಂತು, ಅದರ ಜೊತೆ ಮೇಲಿನ ಪದರವೂ ಎದ್ದು ಬಂತು. ಟೋಪಿಯ ನಡುವೆ ಈಗ ಬಿಳಿಯ ಕಾಗದ. ಅವನಿಗೆ ಬೇಸರವೇನೂ ಆದಂತೆ ಕಾಣಲಿಲ್ಲ.

"ಯೋಚ್ನೆ ಮಾಡ್ಬೇಡಿ ಅಕ್ಕೋರೆ, ಇನ್ನೊಂದು ಕಾಪಿ ತಗ್ದು ಟಚಪ್ ಮಾಡ್ಕೊಡ್ತೀನಿ. ಯಾವ್ ಬಿಲ್ಲೆ ಬೇಕು ಯೋಳಿ. ಸಿಂಹ ಬರೀಲಾ, ಗಂಡಭೇರುಂಡ ಬರೀಲಾ? ಒಬ್ರೂ ಕಂಡಿಡಿಯಕಾಗಲ್ಲ."

ಒಂದು ಗಳಿಗೆ ನನಗೂ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಒಂದು ಸಿಂಹ ಬರೆಸಿ ಚಿಕ್ಕ ತಾತನ ಮೂಗಿನ ಕೆಳಗೆ ಹಿಡಿದರೆ ಅವನ ಬಾಯಿ ಜನ್ಮಕ್ಕೆ ಮುಚ್ಚುತ್ತಿತ್ತು. ಬೇರೆಯವರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮಾರ್ನಮಿ ಬಂದಾಗ ಅಜ್ಜಿ ಆ ಫೋಟೋ ಮುಂದೆ ಕೂರಬೇಕಲ್ಲ. ಬೇಡ ಎಂದು ಫೋಟೋ ಕಿತ್ತುಕೊಂಡು ಹೊರಟೆ. ಅವನು ಹಿಂದಿನಿಂದ ಏನೋ ಗೊಣಗಿದ.

ಶಾಗ್ಯಕ್ಕೆ ಬಂದಾಗ ಚಿಕ್ಕ ತಾತ ಜಗಲಿಯ ಮೇಲೇ ಕೂತಿದ್ದ. ಕಾಲಿನ ಪಟ್ಟಿಯ ವಿಷಯ ಹೇಳಿದೆ. ಎಲೆ ಅಡಿಕೆ ಅಗಿಯುತ್ತಾ, "ಎಸ್ಟೇಟ್ನಲ್ಲಿ ಜಿಗಣೆ ಕಾಟ ಕಣವ್ವ, ಕಾಲ್ಗೆ ಪಟ್ಟಿ ಸುತ್ತದೆ ಇನ್ನೇನ್ ಮಾಡಾರು?" ಎಂದ. ಎಂಥ ಸಾಕ್ಷಿ ತಂದರೂ ಅದನ್ನು ನೀಲಗಿರಿಗೇ ಹತ್ತಿಸುತ್ತಿದ್ದ. ನಾನು ಒಳಗೆ ಹೋದೆ.

ಅಜ್ಜಿ ಒಲೆಯ ಮುಂದೆ ರಾಗಿ ಹಿಟ್ಟು ಕೂಡಿಸುತ್ತಿದ್ದಳು. "ಏನಂದ್ರು ಕೂಸೇ?" ಎಂದು ಕೇಳಿದಳು. ಆ ಕೇಳುವ ದನಿಯಲ್ಲಿ ಎಷ್ಟು ಆಸೆಯಿತ್ತು ಎಂದರೆ, ಅದನ್ನು ಕೇಳಿಸಿಕೊಂಡ ಮೇಲಾದರೂ ನಾನು ನಾಲಿಗೆ ಬಿಗಿಹಿಡಿಯಬೇಕಿತ್ತು. ಹಿಡಿಯಲಿಲ್ಲ. ಫೋಟೋವನ್ನು ಅವಳ ಮಡಿಲಿಗೆ ಹಾಕಿ ಅಂದುಬಿಟ್ಟೆ.

"ಏನನ್ನಬೇಕು ಅವ್ರು? ಟೋಪೀಲಿ ಬಿಲ್ಲೆ ಇತ್ತಂತೆ. ಅದೊಂದು ಕಂಡಿದ್ರೆ ಎಲ್ಲ ಗೊತ್ತಾಗ್ತಿತ್ತಂತೆ. ನೀನೇ ತಿಕ್ಕಿ ತಿಕ್ಕಿ ಅಳಿಸಿದೀಯ. ಹಣೆ ಯಾವುದು ಟೋಪಿ ಯಾವುದು ಅಂತ ಕಾಣಬೇಡವಾ ನಿನಗೆ?"

ಅಜ್ಜಿ ಕೈಗಂಟಿದ ಹಿಟ್ಟನ್ನು ನಿಧಾನವಾಗಿ ಉಜ್ಜಿ ತೆಗೆದಳು. ಸೆರಗಿನಿಂದ ಕೈಯೊರೆಸಿ, ಆ ಬಿಳಿಯ ಜಾಗದ ಮೇಲೆ ಬೆರಳಿಟ್ಟಳು.

"ಕಣ್ ಕಾಣ್ದೆ ಇಕ್ಕಿದ್ದಲ್ಲ ಕಣೆ ಕೂಸೇ. ಬೇಕೂಂತ್ಲೇ ಅಲ್ಗೆ ಇಕ್ತಿದ್ದೆ. ಅಲ್ಲಿ ಆನೆ ಇತ್ತಲ್ಲ."

"ಯಾವ ಆನೆ?"

"ಟೋಪಿ ಮ್ಯಾಲೆ. ಇಷ್ಟೇ ಇಷ್ಟು, ಅವರೆ ಕಾಳಷ್ಟು. ಸೊಂಡ್ಲು ಕಾಣ್ತಿತ್ತು, ನಾಕ್ ಕಾಲೂ ಕಾಣ್ತಿದ್ವು. ನಾನು ಗಣಪ ಅಂದ್ಕಂಡೆ. ಗಣಪನ ತಲೆ ಮ್ಯಾಲೆ ಒತ್ಕಂಡ್ ಓಗವ್ರೆ, ಅವ್ನೇ ಕಾಯ್ಲಿ ಅಂತ ವಾರ ವಾರ್ವೂ ಕುಂಕುಮ ಇಕ್ಕಿ ಕೈ ಮುಗೀತಿದ್ದೆ. ಬಳೆ ತೆಗ್ದ ಮ್ಯಾಲೆ ಎಡೆ ದಿಸ ಮಾತ್ರ."

ನಾನು ಅಲ್ಲೇ ಕುಕ್ಕರಿಸಿದೆ. ಬೆಣ್ಣೆ ಮನೆಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೂರು ಅಲೆದವಳು ನಾನು. ಮೂರು ಊರಿನ ಕಚೇರಿಗೆ ಬರೆದೆ, ಮೂರು ವರ್ಷ ಟಪಾಲಿನವನ ದಾರಿ ಕಾದೆ. ಆ ಫೋಟೋವನ್ನು ಹೊಸದರಲ್ಲಿ ಕಂಡಿದ್ದ ಒಬ್ಬಳೇ ಒಬ್ಬಳು ಇಲ್ಲಿ ಒಲೆಯ ಮುಂದೆ ಕೂತಿದ್ದಳು. ಓದು ಬರೆಹ ಬಾರದ ಮುದುಕಿಗೆ ಏನು ಗೊತ್ತಿರುತ್ತದೆ ಎಂದು ನಾನು ಅವಳನ್ನು ಒಂದು ಮಾತು ಕೇಳಿರಲಿಲ್ಲ. ಮಕ್ಕಳಿಗೆ ಪಾಠ ಹೇಳಿ ಸಂಬಳ ತೆಗೆದುಕೊಳ್ಳುವವಳು.

ಮುಂದಿನ ಭಾನುವಾರ ಮತ್ತೆ ಹವಾಲ್ದಾರರ ಮನೆಗೆ ಹೋದೆ. ಆನೆ ಎಂದ ಕೂಡಲೇ ಅವರು ಎದ್ದು ನಿಂತರು. "ಆನೆ ಇದ್ರೆ ಪಟಾಲಮ್ಮೇ ಕಣಮ್ಮ, ಮದ್ರಾಸ್ ಕಡೆ ಪಟಾಲಮ್ಮು. ಕಾಡು ಕಾಯೋನ ಟೋಪಿ ಮೇಲೆ ಆನೆ ಯಾಕಿರ್ತದೆ? ಆದ್ರೆ ಆನೆ ಗುರ್ತಿನವು ಒಂದಲ್ಲ, ನಾಕಾರವೆ. ಯಾವ್ದು ಅಂತ ಬಿಲ್ಲೆ ನೋಡ್ದೆ ಯೋಳಕ್ಕಾಗಲ್ಲ." ಮದ್ರಾಸಿಗೆ ಇನ್ನೊಂದು ಕಾಗದ ಹಾಕಿದೆ. ಸಾಕ್ಷಿಯೇನು ಎಂದು ಕೇಳಿ ಉತ್ತರ ಬಂತು. ನಮ್ಮಜ್ಜಿ ನೋಡಿದ್ದಾಳೆ ಎಂದು ಬರೆದದ್ದಕ್ಕೆ ಉತ್ತರವೇ ಬರಲಿಲ್ಲ.

ಚಿಕ್ಕ ತಾತನಿಗೂ ಹೇಳಿದೆ. "ಆನೆಯಾ?" ಎಂದು ಎಲೆ ಅಡಿಕೆ ಉಗಿದು, "ಅಂಗಾರೆ ಸರ್ಕಸ್ಗೂ ಸೇರಿರ್ಬೋದು" ಎಂದ. ಅವನ ಜೊತೆ ವಾದ ಮಾಡುವುದನ್ನು ನಾನು ಅಂದಿಗೆ ಬಿಟ್ಟೆ. ತಾತ ಯಾವ ದೇಶದ ಮಣ್ಣಿನಲ್ಲಿದ್ದಾನೋ, ಯಾವ ದಿನ ಸತ್ತನೋ, ಇವತ್ತಿಗೂ ನನಗೆ ತಿಳಿದಿಲ್ಲ. ಅದನ್ನು ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಮಾತ್ರ ಹೇಳಲಾರೆ.

ಆ ವರ್ಷದ ಮಾರ್ನಮಿಗೆ ಅಜ್ಜಿ ಎಂದಿನಂತೆ ಫೋಟೋವನ್ನು ಕಳಸಕ್ಕೆ ಒರಗಿಸಿದಳು. ಚಿಕ್ಕ ತಾತ ಬಂದು ಗೋಡೆಗೆ ಒರಗಿ ಕೂತಿದ್ದ. ಅಜ್ಜಿ ಬೆರಳನ್ನು ನೀರಿಗದ್ದಿ ಕುಂಕುಮಕ್ಕೆ ಒತ್ತಿ, ಫೋಟೋದ ತನಕ ಒಯ್ದು, ಅಲ್ಲೇ ನಿಲ್ಲಿಸಿದಳು. ಐವತ್ತು ವರ್ಷದಲ್ಲಿ ಆ ಕೈ ಹಾಗೆ ನಿಂತದ್ದನ್ನು ಯಾರೂ ಕಂಡಿರಲಿಕ್ಕಿಲ್ಲ. ನನ್ನ ಕಡೆ ತಿರುಗಿದಳು.

"ಎಲ್ಗೆ ಇಕ್ಲಿ ಕೂಸೇ? ನೀನೇ ಯೋಳು."

ಅಂದು ಒಲೆಯ ಮುಂದೆ ನಾನು ಆಡಿದ ಮಾತನ್ನು ಅವಳು ಅಷ್ಟು ದಿನವೂ ಹೊತ್ತುಕೊಂಡಿದ್ದಳು.

"ಆನೆ ಮೇಲೇ ಇಡಜ್ಜಿ," ಎಂದೆ.

"ಆನೆ ಎಲ್ಲದೆ ಈಗ?"

"ನಿನಗೆ ಗೊತ್ತಲ್ಲ ಜಾಗ. ನನಗೆ ಗೊತ್ತಿಲ್ಲ."

ಅಜ್ಜಿ ಬಿಳಿಯ ಕಾಗದದ ಮೇಲೆ, ನಡುವಿಗಿಂತ ಒಂದು ಎಳೆ ಎಡಕ್ಕೆ, ಕುಂಕುಮ ಇಟ್ಟು ಕೈ ಮುಗಿದಳು. ಟೋಪಿಯ ನಡುವೆಯೇ ಬಿಲ್ಲೆ ಇತ್ತೆಂದು ನಾನು ಅಷ್ಟು ದಿನ ಅಂದುಕೊಂಡಿದ್ದೆ.